ಕಾರ್ಟಿಂಗ್‌ನಿಂದ ಫಾರ್ಮುಲಾ 4ಕ್ಕೆ: ಮೊದಲ ರೇಸ್ ವಾರಾಂತ್ಯದ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಿಂದ ಚೆನ್ನೈ ಹೆದ್ದಾರಿ ಹಿಡಿದರೆ, ಶ್ರೀಪೆರಂಬದೂರು ದಾಟಿದ ಮೇಲೆ ಇರುಂಗಾಟ್ಟುಕೋಟ್ಟೈ ಸಿಗುತ್ತದೆ. ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಇರುವುದು ಅಲ್ಲೇ. 1990ರಲ್ಲಿ ಶುರುವಾದ, ಸುಮಾರು 3.7 ಕಿ.ಮೀ. ಉದ್ದದ ಟ್ರ್ಯಾಕ್. ಕಾರ್ಟಿಂಗ್ (ಪುಟ್ಟ ತೆರೆದ ಗಾಡಿಗಳ ರೇಸ್) ಮುಗಿಸಿ ಸಿಂಗಲ್ ಸೀಟರ್ (ಒಬ್ಬರೇ ಕೂರುವ, ಚಕ್ರಗಳು ಹೊರಗಿರುವ ರೇಸ್ ಕಾರು) ಹತ್ತುವ ಬೆಂಗಳೂರಿನ ಎಷ್ಟೋ ಮಕ್ಕಳಿಗೆ ಮೊದಲ ದೊಡ್ಡ ಟ್ರ್ಯಾಕ್ ಇದೇ. ಇಲ್ಲವಾದರೆ ಕೊಯಮತ್ತೂರಿನ ಚೆಟ್ಟಿಪಾಳಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ. ಅದು ಚಿಕ್ಕದು, ಸುಮಾರು 2.1 ಕಿ.ಮೀ.

ಈ ಬರಹ ಅಂಥ ಮಕ್ಕಳ ಅಪ್ಪ–ಅಮ್ಮಂದಿರಿಗೆ. ಓದುವ ತಾಳ್ಮೆಯಿದ್ದರೆ ಮಕ್ಕಳಿಗೂ. ಭಾರತದ ಎಫ್4 (ಫಾರ್ಮುಲಾ 4, ಎಫ್1ರತ್ತ ಹೋಗುವ ಏಣಿಯ ಮೊದಲ ಮೆಟ್ಟಿಲು) ಚಾಂಪಿಯನ್‌ಶಿಪ್ಪನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಫಾರ್ಮುಲಾ ಎಲ್‌ಜಿಬಿ 4 ಎಂಬ ದೇಶೀ ಸರಣಿಯ ಕಾರು ಓಡಿಸುವವರಿಗೂ ಮುಕ್ಕಾಲು ಪಾಲು ಅನ್ವಯಿಸುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರಿಗೂ ಒಂದೇ ಕಾರು, ಒಂದೇ ಎಂಜಿನ್, ಒಂದೇ ಟೈರ್ ಇರುವ ರೇಸಿನಲ್ಲಿ ಮುಂದಿನ ಕಾರನ್ನು ಹಿಂದೆ ಹಾಕುವುದು ಕಷ್ಟ. ಆದ್ದರಿಂದ ಇಡೀ ವಾರಾಂತ್ಯ ಕ್ವಾಲಿಫೈಯಿಂಗ್‌ನ (ರೇಸಿನಲ್ಲಿ ಯಾರು ಎಲ್ಲಿಂದ ಹೊರಡಬೇಕು ಎಂದು ತೀರ್ಮಾನಿಸುವ ಸೆಷನ್) ಆ ಹದಿನೈದು–ಇಪ್ಪತ್ತು ನಿಮಿಷದ ಮೇಲೆ ನಿಂತಿರುತ್ತದೆ. ಅದಕ್ಕೆ ಮೊದಲು ಮಾಡುವುದೆಲ್ಲ ಅದರ ತಯಾರಿ. ಆಮೇಲೆ ಮಾಡುವುದು ಅಲ್ಲಿ ಸಿಕ್ಕಿದ್ದನ್ನು ಕಳೆದುಕೊಳ್ಳದಂತೆ ನೋಡಿಕೊಳ್ಳುವ ಕೆಲಸ.

ಹಂತ 1: ಮನೆ ಬಿಡುವ ಮೊದಲು, ಕಾಗದ ಮತ್ತು ಬಟ್ಟೆ

ಎಫ್4ಗೆ ಕನಿಷ್ಠ ವಯಸ್ಸು 15. ಭಾರತದಲ್ಲಿ ರೇಸಿಂಗ್ ಲೈಸೆನ್ಸ್ ಕೊಡುವುದು ದೇಶದ ಮೋಟಾರ್ ಕ್ರೀಡೆಯ ಒಕ್ಕೂಟ ಎಫ್‌ಎಂಎಸ್‌ಸಿಐ. ವೈದ್ಯಕೀಯ ಪ್ರಮಾಣಪತ್ರ, ರಕ್ತದ ಗುಂಪು, 18 ತುಂಬದವರಿಗೆ ಅಪ್ಪ–ಅಮ್ಮನ ಒಪ್ಪಿಗೆ ಪತ್ರ, ಇವೆಲ್ಲ ಒಂದೇ ಫೈಲಿನಲ್ಲಿರಲಿ. ಮೊಬೈಲಿನಲ್ಲಿ ಫೋಟೋ ಇದ್ದರೂ ಕಾಗದದ ಪ್ರತಿ ಇಟ್ಟುಕೊಳ್ಳಿ. ಸೈನಿಂಗ್ ಆನ್ (ಕಾಗದ ತೋರಿಸಿ ಸಹಿ ಹಾಕುವ) ಮೇಜಿನ ಮುಂದೆ ನೆಟ್‌ವರ್ಕ್ ಹುಡುಕುತ್ತಾ ನಿಲ್ಲುವುದು ಯಾರಿಗೆ ಬೇಕು?

ಬಟ್ಟೆಯ ವಿಷಯದಲ್ಲಿ ಕಾರ್ಟಿಂಗ್‌ನಿಂದ ಬಂದವರು ಎಡವುವುದು ಜಾಸ್ತಿ. ಕಾರ್ಟಿಂಗ್ ಸೂಟ್ ಮಾಡಿರುವುದು ನೆಲಕ್ಕೆ ಬಿದ್ದು ಉಜ್ಜಿಕೊಂಡರೆ ಚರ್ಮ ಉಳಿಯಲಿ ಎಂದು. ಬೆಂಕಿ ಅದರ ಲೆಕ್ಕದಲ್ಲಿ ಇಲ್ಲ. ಸಿಂಗಲ್ ಸೀಟರ್‌ಗೆ ಬೆಂಕಿ ತಡೆಯುವ ಸೂಟ್ ಬೇಕು. ಒಳಗಿನ ಬನಿಯನ್, ಪ್ಯಾಂಟು, ಕಾಲುಚೀಲ, ಮುಖಕ್ಕೆ ಹಾಕುವ ಬಾಲಾಕ್ಲಾವಾ, ಕೈಗವಸು, ಶೂ ಎಲ್ಲವೂ ಅದೇ ಜಾತಿಯವು. ಈಗಿನ ಎಫ್‌ಐಎ (ಮೋಟಾರ್ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ) ಮಾನದಂಡ 8856-2018. ಸಂಖ್ಯೆ ಬಟ್ಟೆಯ ಮೇಲೇ ಹೊಲಿದಿರುತ್ತದೆ.

ಹೆಲ್ಮೆಟ್ ಕತೆಯೂ ಅಷ್ಟೇ. ಸ್ನೆಲ್ ಎಂಬ ಸುರಕ್ಷತಾ ಸಂಸ್ಥೆಯ ‘ಕೆ’ ಗುರುತಿನ ಕಾರ್ಟಿಂಗ್ ಹೆಲ್ಮೆಟ್ ಇಲ್ಲಿ ನಡೆಯುವುದಿಲ್ಲ. ಅದರೊಳಗಿನ ಬಟ್ಟೆ ಬೆಂಕಿ ತಡೆಯುವಂಥದ್ದಲ್ಲ. ಎಫ್‌ಐಎ 8859-2015 ಅಥವಾ ಅದಕ್ಕಿಂತ ಮೇಲಿನದ್ದು ತೆಗೆದುಕೊಳ್ಳಿ. ಜೊತೆಗೆ ಕುತ್ತಿಗೆ ಕಾಯುವ ಹ್ಯಾನ್ಸ್ (ಭುಜದ ಮೇಲೆ ಕೂರುವ ಸಾಧನ) ಬೇಕು. ಅದರ ಪಟ್ಟಿ ಸಿಕ್ಕಿಸುವ ಆಂಕರ್ ಹೆಲ್ಮೆಟ್‌ನ ಎರಡೂ ಬದಿಗೆ ಇರಬೇಕು. ದುಡ್ಡು ಉಳಿಸುವ ಜಾಗ ಇದಲ್ಲ. ಬಣ್ಣ ಬಳಿಸುವುದನ್ನು ಬೇಕಾದರೆ ಮುಂದಕ್ಕೆ ಹಾಕಿ.

ಇನ್ನೊಂದು ಮನೆಗೆಲಸ ಇದೆ. ಆಯೋಜಕರು ಹೊರಡಿಸುವ ಸಪ್ಲಿಮೆಂಟರಿ ರೆಗ್ಯುಲೇಷನ್ಸ್ ಓದಿಸಿ. ನೀವೂ ಓದಿ. ಎಷ್ಟು ರೇಸ್, ಯಾವ ರೇಸಿನ ಗ್ರಿಡ್ (ಕಾರುಗಳು ಹೊರಡುವ ಸಾಲು) ಹೇಗೆ, ಎಷ್ಟು ಹೊಸ ಟೈರ್ ಬಳಸಬಹುದು, ಪೆನಾಲ್ಟಿ ಏನು, ಎಲ್ಲ ಅದರಲ್ಲೇ ಇರುತ್ತದೆ. ಹದಿನೈದರ ಹುಡುಗರು ಇದನ್ನು ಓದುವುದಿಲ್ಲ. ಓದಿದವರಿಗೆ ಅಷ್ಟರಮಟ್ಟಿಗೆ ಲಾಭ.

ಹಂತ 2: ತಂಡದ ಜೊತೆ ಒಪ್ಪಂದ

ಎಫ್4ನಲ್ಲಿ ಕಾರು ನಿಮ್ಮದಾಗಿರುವುದು ಅಪರೂಪ. ಸೀಟಿಗೆ ಹಣ ಕೊಡುತ್ತೀರಿ, ಕಾರು, ಮೆಕ್ಯಾನಿಕ್, ಎಂಜಿನಿಯರ್ ತಂಡದ್ದು. ಸಹಿ ಹಾಕುವ ಮೊದಲು ಒಂದೇ ಪ್ರಶ್ನೆಯನ್ನು ಸರಿಯಾಗಿ ಕೇಳಿ: ಗುದ್ದಿದರೆ ಯಾರ ತಲೆಗೆ? ಮುಂದಿನ ರೆಕ್ಕೆ, ಸಸ್ಪೆನ್ಷನ್ ಕಡ್ಡಿಗಳು ಸುಲಭವಾಗಿ ಹೋಗುವ ಭಾಗಗಳು. ಬೇರೆಯವರು ಬಂದು ಗುದ್ದಿದರೂ ಬಿಲ್ಲು ಬರುವುದು ಸಾಮಾನ್ಯವಾಗಿ ನಿಮಗೇ. ಭಾಗಗಳ ದರಪಟ್ಟಿ, ಠೇವಣಿ, ಗರಿಷ್ಠ ಮಿತಿ, ಮೂರನ್ನೂ ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತಿನಲ್ಲಿ ‘ನೋಡ್ಕೊಳೋಣ ಬಿಡಿ ಸಾರ್’ ಅಂದಿದ್ದು ಭಾನುವಾರ ಸಂಜೆಗೆ ಯಾರಿಗೂ ನೆನಪಿರುವುದಿಲ್ಲ.

ಹಂತ 3: ಸೀಟು ಮಾಡಿಸುವುದು

ಇದಕ್ಕೆ ಅವಸರ ಮಾಡಬೇಡಿ. ಕಾಕ್‌ಪಿಟ್‌ನಲ್ಲಿ ದೊಡ್ಡ ಪ್ಲಾಸ್ಟಿಕ್ ಚೀಲ ಹಾಕಿ, ಅದರ ಮೇಲೆ ಡ್ರೈವರ್‌ನನ್ನು ಕೂರಿಸಿ, ಚೀಲದೊಳಗೆ ಎರಡು ದ್ರಾವಣ ಬೆರೆಸಿ ಸುರಿಯುತ್ತಾರೆ. ಅದು ಹುದುಗು ಬಂದ ಇಡ್ಲಿ ಹಿಟ್ಟಿನ ಹಾಗೆ ಉಬ್ಬುತ್ತಾ ಬೆನ್ನು, ಸೊಂಟ, ಪಕ್ಕೆ ಎಲ್ಲ ಕಡೆ ತುಂಬಿಕೊಳ್ಳುತ್ತದೆ. ಬಿಸಿಯೂ ಆಗುತ್ತದೆ. ಗಟ್ಟಿಯಾಗುವವರೆಗೆ ಅಲುಗಾಡುವಂತಿಲ್ಲ. ಆ ಹೊತ್ತಿನಲ್ಲಿ ಹೇಗೆ ಕೂತಿದ್ದರೋ ಇಡೀ ಸೀಸನ್ ಹಾಗೇ.

ನೋಡಬೇಕಾದ್ದು ಇಷ್ಟು. ಬ್ರೇಕ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮೊಣಕೈ, ಗೆಣ್ಣು ಎಲ್ಲೂ ತಾಗಬಾರದು. ಹಿಮ್ಮಡಿಗೆ ಗಟ್ಟಿ ಆಸರೆ ಇರಬೇಕು. ಡ್ರೈವರ್ ರೇಸಿನ ಶೂ ಹಾಕಿಕೊಂಡೇ ಕೂರಬೇಕು. ಸ್ನೀಕರ್ಸ್‌ನಲ್ಲಿ ಸೀಟು ಮಾಡಿಸಿದರೆ ಪೆಡಲ್ ದೂರ ತಪ್ಪುತ್ತದೆ.

ಸೀಟು ಸರಿಯಿಲ್ಲದಿದ್ದರೆ ಮೈ ಜಾರದಂತೆ ಸ್ಟೀರಿಂಗನ್ನೇ ಹಿಡಿದುಕೊಳ್ಳುವ ಚಾಳಿ ಬರುತ್ತದೆ. ಆಗ ಮುಂದಿನ ಟೈರ್ ಏನು ಹೇಳುತ್ತಿದೆ ಎಂದು ಕೈಗೆ ಗೊತ್ತಾಗುವುದಿಲ್ಲ. ವೇಗ ಬರುತ್ತಿಲ್ಲ ಎಂದು ಕಾರಿನ ಸೆಟಪ್ (ರೆಕ್ಕೆ, ಸಸ್ಪೆನ್ಷನ್‌ನ ಹೊಂದಿಕೆ) ಬದಲಿಸುವವರನ್ನು ನೋಡಿದ್ದೇನೆ. ಎಷ್ಟೋ ಸಲ ಬದಲಿಸಬೇಕಾಗಿರುವುದು ಸೀಟು.

ಕೊನೆಗೆ ಹೊರಬರುವ ಅಭ್ಯಾಸ. ಸ್ಟೀರಿಂಗ್ ಕಳಚು, ಬೆಲ್ಟ್ ಬಿಡಿಸು, ಹೇಲೋ (ತಲೆ ಕಾಯುವ ಲೋಹದ ಕಮಾನು) ಮೇಲಿಂದ ಹೊರಗೆ. ಕಣ್ಣು ಮುಚ್ಚಿಕೊಂಡು ಬರುವವರೆಗೆ ಮಾಡಿಸಿ.

ಹಂತ 4: ಗುರುವಾರ ಸಂಜೆ, ಟ್ರ್ಯಾಕ್ ಮೇಲೆ ನಡಿಗೆ

ವಿಡಿಯೋದಲ್ಲಿ ಟ್ರ್ಯಾಕ್ ಚಪ್ಪಟೆಯಾಗಿ ಕಾಣುತ್ತದೆ. ಕಾಲಲ್ಲಿ ನಡೆದರೆ ಏರು–ಇಳಿಜಾರು, ಕರ್ಬ್‌ನ (ತಿರುವಿನ ಅಂಚಿನ ಕಟ್ಟೆ) ಎತ್ತರ, ಡಾಂಬರಿನ ತೇಪೆ, ನೀರು ನಿಲ್ಲುವ ತಗ್ಗು ಗೊತ್ತಾಗುತ್ತದೆ. ಆಯೋಜಕರು ಬಿಟ್ಟ ಸಮಯದಲ್ಲಿ ಎಂಜಿನಿಯರ್ ಜೊತೆ ಹೋಗಲಿ. ನೀವು ಹೋದರೆ ಸ್ವಲ್ಪ ಹಿಂದೆ ನಡೆಯಿರಿ. ಪ್ರತಿ ತಿರುವಿನಲ್ಲೂ ಡ್ರೈವರ್‌ನ ಕಣ್ಣಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ನೋಡಬೇಕು. ಸಿಂಗಲ್ ಸೀಟರ್‌ನಲ್ಲಿ ತಲೆ ನೆಲಕ್ಕೆ ಅಷ್ಟು ಹತ್ತಿರ. ನಿಂತಾಗ ಕಾಣುವ ಏಪೆಕ್ಸ್ (ತಿರುವಿನ ಒಳ ಅಂಚಿನ ಬಿಂದು) ಕೂತಾಗ ಕಾಣದೇ ಹೋಗಬಹುದು. ಬ್ರೇಕ್ ಹಾಕುವ ಜಾಗಕ್ಕೆ ಗುರುತು ಆರಿಸುವಾಗ ನೆರಳು, ನಿಂತ ಗಾಡಿ, ಬ್ಯಾನರ್ ಬೇಡ. ಅವು ನಾಳೆ ಅಲ್ಲೇ ಇರುತ್ತವೆ ಎಂಬ ಖಾತರಿ ಇಲ್ಲ.

ಹಂತ 5: ಶುಕ್ರವಾರ, ಪ್ರಾಕ್ಟೀಸ್

ಬೆಳಗ್ಗೆ ಸೈನಿಂಗ್ ಆನ್, ಬಟ್ಟೆ–ಹೆಲ್ಮೆಟ್ ತಪಾಸಣೆ, ಡ್ರೈವರ್‌ಗಳ ಬ್ರೀಫಿಂಗ್ ಇರುತ್ತವೆ. ಬ್ರೀಫಿಂಗ್‌ಗೆ ತಡವಾಗಿ ಹೋದರೆ ದಂಡ ಬೀಳಬಹುದು. ಅದು ಬಿಟ್ಟರೆ ಇದರಲ್ಲಿ ಹೇಳುವಂಥದ್ದೇನಿಲ್ಲ.

ಪ್ರಾಕ್ಟೀಸ್‌ನಲ್ಲಿ ಟೈಮಿಂಗ್ ಪಟ್ಟಿಯ ಮೇಲೆ ಎಲ್ಲಿದ್ದೀಯ ಎಂದು ಕೇಳಬೇಡಿ. ಯಾರು ಹೊಸ ಟೈರ್ ಹಾಕಿದ್ದಾರೆ, ಯಾರು ಹಳೆಯದರಲ್ಲಿ ಓಡುತ್ತಿದ್ದಾರೆ ಎಂಬುದು ಆ ಪಟ್ಟಿಯಲ್ಲಿ ಬರುವುದಿಲ್ಲ. ಒಂದೊಂದು ಸೆಷನ್‌ಗೆ ಒಂದೊಂದು ಕೆಲಸ ಇಟ್ಟುಕೊಳ್ಳುವುದು ಒಳ್ಳೆಯದು. ಮೊದಲ ಸೆಷನ್‌ನಲ್ಲಿ ಬ್ರೇಕಿಂಗ್ ಗುರುತುಗಳು. ಎರಡನೆಯದರಲ್ಲಿ ವೇಗದ ತಿರುವುಗಳು. ಮುಖ್ಯ ಸ್ಟ್ರೇಟ್ (ನೇರ ಭಾಗ) ಮುಗಿಯುತ್ತಲೇ ಬರುವ ಸಿ1 ಎಂಬ ಮೊದಲ ತಿರುವಿಗೆ ಮೊದಲ ದಿನವೇ ಧೈರ್ಯ ತೋರಿಸಬೇಕಾಗಿಲ್ಲ. ಅಲ್ಲಿ ಲ್ಯಾಪಿಗೆ ಇಷ್ಟಿಷ್ಟೇ ವೇಗ ಏರಿಸಿದರೆ ಸಾಕು.

ಸೆಷನ್ ಮುಗಿದ ಮೇಲೆ ಕಾರು ದಾಖಲಿಸಿದ ಡೇಟಾ ನೋಡುತ್ತಾ ಲ್ಯಾಪ್‌ಟಾಪ್ ಮುಂದೆ ಕೂರುವ ಅರ್ಧ ಗಂಟೆಯಲ್ಲಿ ಕಲಿಯುವಷ್ಟು ಬೇರೆಲ್ಲೂ ಕಲಿಯುವುದಿಲ್ಲ. ಬ್ರೇಕ್ ಒತ್ತಡದ ಗೆರೆಯೊಂದನ್ನೇ ನೋಡಿ. ಎಫ್4 ಕಾರಿನಲ್ಲಿ ಎಬಿಎಸ್ ಇಲ್ಲ, ಬ್ರೇಕ್ ಒತ್ತಲು ನಮ್ಮ ಮನೆ ಕಾರಿನಲ್ಲಿರುವಂಥ ಸಹಾಯವೂ ಇಲ್ಲ. ಕಾಲಿನ ಬಲವೇ ಬಲ. ಪಳಗಿದ ಡ್ರೈವರ್‌ನ ಗೆರೆ ಒಮ್ಮೆಲೇ ನೆಟ್ಟಗೆ ಮೇಲೇರುತ್ತದೆ, ಆಮೇಲೆ ಕಾರು ನಿಧಾನವಾದಂತೆ ಇಳಿಯುತ್ತಾ ತಿರುವಿನ ಒಳಗೆ ಹೋಗಿ ಶೂನ್ಯ ಮುಟ್ಟುತ್ತದೆ. ಹೊಸಬರ ಗೆರೆ ಮೆಲ್ಲಗೆ ಏರುತ್ತದೆ, ನಡುವೆ ಎಲ್ಲೋ ತುದಿ ಮುಟ್ಟುತ್ತದೆ, ತಿರುವು ಶುರುವಾಗುವ ಹೊತ್ತಿಗೆ ಧಡಕ್ಕನೆ ಕೆಳಗೆ ಬೀಳುತ್ತದೆ.

ಇದಕ್ಕೆ ಕಾರಣ ಇದೆ. ಕಾರು ವೇಗದಲ್ಲಿದ್ದಾಗ ರೆಕ್ಕೆಗಳು ಅದನ್ನು ನೆಲಕ್ಕೆ ಒತ್ತುತ್ತವೆ. ಆಗ ಟೈರ್ ಎಷ್ಟು ಬ್ರೇಕ್ ಹಾಕಿದರೂ ತಡೆಯುತ್ತದೆ. ವೇಗ ಇಳಿದಂತೆ ಆ ಒತ್ತು ಕಡಿಮೆಯಾಗುತ್ತದೆ, ಅಷ್ಟೇ ಬ್ರೇಕ್ ಇಟ್ಟುಕೊಂಡರೆ ಚಕ್ರ ನಿಂತುಬಿಡುತ್ತದೆ. ಹಾಗಾಗಿ ಮೊದಲು ಜೋರು, ಆಮೇಲೆ ಸಡಿಲ. ಕಡೆಯವರೆಗೆ ಸ್ವಲ್ಪ ಬ್ರೇಕ್ ಉಳಿಸಿಕೊಂಡರೆ ಮುಂದಿನ ಚಕ್ರಗಳ ಮೇಲೆ ಭಾರ ಇರುತ್ತದೆ, ಕಾರು ತಿರುಗುತ್ತದೆ. ಬ್ರೇಕನ್ನು ಒಮ್ಮೆಲೇ ಬಿಟ್ಟವರು ಬಂದು ‘ಮುಂದೆ ಹಿಡಿತವೇ ಇಲ್ಲ’ ಅನ್ನುತ್ತಾರೆ. ಹಿಡಿತ ಇತ್ತು, ಅವರೇ ಕಳೆದುಕೊಂಡರು.

ಟೈರ್ ಬಗ್ಗೆ ಎರಡು ಮಾತು. ಕಾರು ಪಿಟ್‌ಗೆ (ಟ್ರ್ಯಾಕ್ ಪಕ್ಕದ ತಂಡಗಳ ಜಾಗ) ಬಂದ ತಕ್ಷಣ ಮೆಕ್ಯಾನಿಕ್ ಗಾಳಿ ಅಳೆಯುವುದನ್ನು ನೋಡುತ್ತೀರಿ. ಟೈರ್ ಬಿಸಿಯಾದಂತೆ ಒಳಗಿನ ಒತ್ತಡ ಏರುತ್ತದೆ. ಎಂಜಿನಿಯರ್‌ಗೆ ಬೇಕಾದದ್ದು ಬಿಸಿಯಲ್ಲಿ ಸರಿಯಾದ ಒತ್ತಡ. ಅದಕ್ಕೆ ತಣ್ಣಗಿದ್ದಾಗ ಎಷ್ಟು ತುಂಬಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಚೆನ್ನೈನ ಮಧ್ಯಾಹ್ನದ ಬಿಸಿಲು ಒಂದು ಲೆಕ್ಕ, ಮೋಡ ಕವಿದರೆ ಇನ್ನೊಂದು ಲೆಕ್ಕ. ಆ ಹೊತ್ತಿನಲ್ಲಿ ಅವರನ್ನು ಮಾತಾಡಿಸಬೇಡಿ.

ಹಂತ 6: ಊಟ, ನೀರು, ನಿದ್ದೆ

ಮೈತುಂಬ ಮೂರು ಪದರ ಬಟ್ಟೆ, ಹೊರಗೆ ಕರಾವಳಿಯ ಸೆಕೆ. ಬೆವರು ಸುಮ್ನೆ ಸುರಿಯುತ್ತದೆ. ಕಾರು ಹತ್ತುವ ಮೊದಲು ಒಂದು ಲೀಟರ್ ಗಟಗಟ ಕುಡಿದರೆ ಪ್ರಯೋಜನವಿಲ್ಲ. ಹಿಂದಿನ ದಿನದಿಂದಲೇ ಸ್ವಲ್ಪ ಸ್ವಲ್ಪ ಕುಡಿಯುತ್ತಿರಬೇಕು, ನಡುವೆ ಓಆರ್‌ಎಸ್ ಇರಲಿ. ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಮೊಸರನ್ನ, ಬಾಳೆಹಣ್ಣು ಸಾಕು. ಬಿರಿಯಾನಿ ಭಾನುವಾರ ರಾತ್ರಿ. ಬೆಂಬಲಕ್ಕೆ ಬಂದ ನೆಂಟರು ಶನಿವಾರ ರಾತ್ರಿ ಹೋಟೆಲ್ ರೂಮಿನಲ್ಲಿ ಹರಟೆ ಹೊಡೆಯಲಿ, ಆದರೆ ಬೇರೆ ರೂಮಿನಲ್ಲಿ.

ಹಂತ 7: ಕ್ವಾಲಿಫೈಯಿಂಗ್

ಮದ್ರಾಸ್ ಟ್ರ್ಯಾಕಿನಲ್ಲಿ ಎಫ್4 ಲ್ಯಾಪ್ ಹತ್ತಿರಹತ್ತಿರ ನೂರು ಸೆಕೆಂಡ್. ಹದಿನೈದು ನಿಮಿಷದ ಸೆಷನ್ ಅಂದರೆ ಹೊರಡುವ ಲ್ಯಾಪ್, ವಾಪಸ್ ಬರುವ ಲ್ಯಾಪ್ ಕಳೆದು ಏಳೆಂಟು ಲ್ಯಾಪ್ ಕೈಗೆ ಸಿಗುತ್ತವೆ. ಹೊಸ ಟೈರ್‌ನ ನಿಜವಾದ ಸತ್ವ ಅದರಲ್ಲಿ ಮೊದಮೊದಲ ಕೆಲವು ಲ್ಯಾಪ್‌ಗಳಲ್ಲಿ ಮಾತ್ರ.

ಎಫ್4ನಲ್ಲಿ ಟೈರ್ ಬಿಸಿ ಮಾಡುವ ಹೊದಿಕೆಗಳಿಲ್ಲ. ಹಾಗಾಗಿ ಹೊರಡುವ ಲ್ಯಾಪ್‌ನಲ್ಲೇ ಬಿಸಿ ತರಬೇಕು. ಹಾವಿನಂತೆ ಅತ್ತಿತ್ತ ಓಡಿಸುವುದು ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೆ, ಅಲ್ವಾ? ಅದಕ್ಕಿಂತ ಜೋರಾಗಿ ಬ್ರೇಕ್ ಹಾಕಿ, ಜೋರಾಗಿ ವೇಗ ಏರಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಬ್ರೇಕಿನ ಬಿಸಿ ಚಕ್ರದ ಮೂಲಕ ಟೈರ್‌ಗೂ ತಲುಪುತ್ತದೆ. ಎಷ್ಟು ಲ್ಯಾಪ್ ಆದ ಮೇಲೆ ಪೂರ್ತಿ ಒತ್ತಬೇಕು ಎಂಬುದನ್ನು ಶುಕ್ರವಾರವೇ ಪತ್ತೆಹಚ್ಚಿರಬೇಕು.

ಮುಂದಿನದು ಜಾಗ. ಮುಂದಿನ ಕಾರಿಗೆ ತೀರಾ ಅಂಟಿಕೊಂಡರೆ ತಿರುವಿನಲ್ಲಿ ರೆಕ್ಕೆಗೆ ಸಿಗುವ ಗಾಳಿ ಕೆಡುತ್ತದೆ. ತೀರಾ ದೂರ ಉಳಿದರೆ ಸ್ಟ್ರೇಟ್‌ನಲ್ಲಿ ಅದರ ಹಿಂದಿನ ಗಾಳಿಯ ಎಳೆತ ಸಿಗುವುದಿಲ್ಲ. ಎಲ್ಲರೂ ಒಳ್ಳೆಯ ಕಾರಿನ ಹಿಂದೆ ಸೇರಲು ನಿಧಾನ ಮಾಡುತ್ತಾ, ಯಾರಿಗೂ ಲ್ಯಾಪ್ ಸಿಗದೆ ಸಮಯ ಮುಗಿಯುವುದೂ ಉಂಟು. ಹೊಸಬರಿಗೆ ನನ್ನ ಸಲಹೆ: ಎಳೆತದ ಆಸೆ ಬಿಡಿ. ಮೊದಲು ಹೊರಡುವವರಲ್ಲಿ ಒಬ್ಬರಾಗಿ, ಖಾಲಿ ಟ್ರ್ಯಾಕ್‌ನಲ್ಲಿ ಒಂದು ಶುದ್ಧ ಲ್ಯಾಪ್ ಬರೆಸಿಕೊಳ್ಳಿ. ಯಾರೋ ಮಣ್ಣಿಗೆ ಇಳಿದು ರೆಡ್ ಫ್ಲ್ಯಾಗ್ ಬಂದು ಸೆಷನ್ ನಿಂತರೆ ಆ ಲ್ಯಾಪ್ ನಿಮ್ಮ ಕೈಯಲ್ಲಿರುತ್ತದೆ. ‘ಇನ್ನೂ ಸಮಯ ಇದೆ’ ಎಂದು ಕಾಯುತ್ತಿದ್ದವರ ಕೈಯಲ್ಲಿ ಏನೂ ಇರುವುದಿಲ್ಲ.

ಒಂದು ಒಳ್ಳೆಯ ಲ್ಯಾಪ್ ಬಂದ ಕೂಡಲೇ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಎಷ್ಟೋ ಎಫ್4 ಸರಣಿಗಳಲ್ಲಿ ಒಂದು ರೇಸಿನ ಗ್ರಿಡ್ ಅತ್ಯುತ್ತಮ ಲ್ಯಾಪಿನಿಂದ, ಇನ್ನೊಂದರದ್ದು ಎರಡನೇ ಅತ್ಯುತ್ತಮ ಲ್ಯಾಪಿನಿಂದ ನಿರ್ಧಾರವಾಗುತ್ತದೆ. ಒಂದು ರೇಸಿಗೆ ಮುಂದಿನವರನ್ನು ಹಿಂದೆ, ಹಿಂದಿನವರನ್ನು ಮುಂದೆ ತಿರುಗಿಸಿ ನಿಲ್ಲಿಸುವುದೂ ಇದೆ. ನಿಮ್ಮ ಸರಣಿಯಲ್ಲಿ ಹೇಗೆಂದು ಹಂತ 1ರಲ್ಲಿ ಓದಿಸಿದ ಕಾಗದ ಹೇಳುತ್ತದೆ. ನಾಲ್ಕೂ ಚಕ್ರ ಬಿಳಿ ಗೆರೆ ದಾಟಿದರೆ ಲ್ಯಾಪ್ ರದ್ದು ಎಂಬುದನ್ನೂ ನೆನಪಿಸಿ.

ಸೆಷನ್ ಮುಗಿದ ಮೇಲೆ ಕಾರುಗಳು ಪಾರ್ಕ್ ಫೆರ್ಮೆಗೆ ಹೋಗುತ್ತವೆ. ಅಲ್ಲಿ ಕಾರನ್ನು ಯಾರೂ ಮುಟ್ಟುವ ಹಾಗಿಲ್ಲ. ಡ್ರೈವರ್ ಸಮೇತ ತೂಕ ಹಾಕುತ್ತಾರೆ. ಪ್ರೀತಿಯಿಂದ ಮಗನ ಕೈಗೆ ನೀರಿನ ಬಾಟಲಿ ಕೊಡಲು ಓಡಬೇಡಿ. ತೂಕಕ್ಕೆ ಮೊದಲು ಏನನ್ನಾದರೂ ಕೊಟ್ಟರೆ ಅದರ ಮೇಲೇ ದೂರು ಬರಬಹುದು.

ಹಂತ 8: ಸ್ಟಾರ್ಟ್ ಮತ್ತು ಮೊದಲ ಲ್ಯಾಪ್

ಗ್ರಿಡ್‌ನಲ್ಲಿ ಐದು ನಿಮಿಷ, ಮೂರು, ಒಂದು, ಹದಿನೈದು ಸೆಕೆಂಡ್ ಎಂದು ಬೋರ್ಡ್ ತೋರಿಸುವುದು ವಾಡಿಕೆ. ಆಮೇಲೆ ಫಾರ್ಮೇಷನ್ ಲ್ಯಾಪ್, ಅಂದರೆ ರೇಸಿಗೆ ಮೊದಲು ಸಾಲಾಗಿ ಹೋಗಿಬರುವ ಒಂದು ಸುತ್ತು. ವಾಪಸ್ ಬಂದು ತನ್ನ ಗುರುತಿನಲ್ಲಿ ನಿಂತ ಮೇಲೆ ಐದು ಕೆಂಪು ದೀಪ ಒಂದೊಂದಾಗಿ ಹತ್ತುತ್ತವೆ. ಎಲ್ಲ ಆರಿದಾಗ ಹೊರಡಬೇಕು. ದೀಪ ಎಷ್ಟು ಹೊತ್ತಿಗೆ ಆರುತ್ತದೆ ಎಂದು ಎಣಿಸುವವರು ಮೊದಲೇ ಅಲುಗಾಡಿ ಪೆನಾಲ್ಟಿ ತಿನ್ನುತ್ತಾರೆ. ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದನ್ನು ಫಾರ್ಮೇಷನ್ ಲ್ಯಾಪ್‌ಗೆ ಹೊರಡುವಾಗಲೇ ಗಮನಿಸಬೇಕು. ಅದೊಂದೇ ಪೂರ್ವಾಭ್ಯಾಸ.

ಕಾರ್ಟಿಂಗ್‌ನ ಒಂದು ಚಾಳಿಯನ್ನು ಇಲ್ಲಿ ಬಿಡಲೇಬೇಕು. ಕಾರ್ಟ್‌ನಲ್ಲಿ ಸುತ್ತ ಬಂಪರ್ ಇರುತ್ತದೆ, ಸ್ವಲ್ಪ ತಳ್ಳಿದರೂ ನಡೆದುಹೋಗುತ್ತದೆ. ಇಲ್ಲಿ ಚಕ್ರಗಳು ಹೊರಗೇ ಇವೆ. ನಿಮ್ಮ ಮುಂದಿನ ಚಕ್ರ ಇನ್ನೊಬ್ಬರ ಹಿಂದಿನ ಚಕ್ರಕ್ಕೆ ಹಿಂದಿನಿಂದ ತಾಗಿದರೆ ನಿಮ್ಮ ಕಾರು ಅದರ ಮೇಲೆ ಹತ್ತುತ್ತದೆ, ಗಾಳಿಗೆ ಹಾರುತ್ತದೆ. ತಲೆಯ ಮೇಲಿನ ಹೇಲೋ ಇರುವುದು ಇಂಥ ಹೊತ್ತಿಗೇ. ಮೊದಲ ತಿರುವಿನಲ್ಲಿ ಪಕ್ಕದವನಿಗೆ ಒಂದು ಕಾರಿನಷ್ಟು ಜಾಗ ಬಿಡುವುದು ದೌರ್ಬಲ್ಯವಲ್ಲ. ಮೂರು ರೇಸಿನ ವಾರಾಂತ್ಯದಲ್ಲಿ ಶನಿವಾರ ಬೆಂಡಾದ ಸಸ್ಪೆನ್ಷನ್ ಭಾನುವಾರವನ್ನೂ ತಿನ್ನುತ್ತದೆ.

ಬಾವುಟಗಳು ಬಾಯಿಪಾಠ ಆಗಿರಬೇಕು. ಹಳದಿ ಕಂಡರೆ ವೇಗ ಕಡಿಮೆ ಮಾಡು, ಹಿಂದೆ ಹಾಕಬೇಡ. ಎರಡು ಹಳದಿ ಬೀಸಿದರೆ ನಿಲ್ಲಲೂ ತಯಾರಿರು, ಟ್ರ್ಯಾಕ್ ಮೇಲೆ ಜನ ಇರಬಹುದು. ‘ನಿಧಾನ ಮಾಡಿದ್ದೆ ಸಾರ್’ ಎಂದು ಆಮೇಲೆ ಹೇಳಿದರೆ ಡೇಟಾ ತೆಗೆದು ನೋಡುತ್ತಾರೆ. ಕೆಂಪು–ಹಳದಿ ಪಟ್ಟೆ ಅಂದರೆ ಜಾರುತ್ತದೆ. ಕಪ್ಪಿನ ನಡುವೆ ಕಿತ್ತಳೆ ಚುಕ್ಕೆ, ಜೊತೆಗೆ ನಿಮ್ಮ ನಂಬರ್ ಕಂಡರೆ ಕಾರಿನಲ್ಲಿ ಏನೋ ಸಡಿಲವಾಗಿದೆ, ಪಿಟ್‌ಗೆ ಬಾ ಎಂದರ್ಥ. ಕಪ್ಪು–ಬಿಳಿ ಓರೆಯಾಗಿದ್ದರೆ ನೀವು ಓಡಿಸುವ ರೀತಿಯ ಬಗ್ಗೆ ಎಚ್ಚರಿಕೆ.

ಗುರಿ ದಾಟಿದ ಮೇಲಿನ ಲ್ಯಾಪ್‌ನಲ್ಲಿ ಪಳಗಿದವರು ರೇಸಿಂಗ್ ಲೈನ್ (ಎಲ್ಲರೂ ಹಿಡಿಯುವ ವೇಗದ ದಾರಿ) ಬಿಟ್ಟು ಪಕ್ಕಕ್ಕೆ ಓಡಿಸುವುದನ್ನು ಗಮನಿಸಿ. ಅಲ್ಲಿ ಬಿದ್ದಿರುವ ರಬ್ಬರ್ ಚೂರುಗಳು ಬಿಸಿ ಟೈರ್‌ಗೆ ಅಂಟಿಕೊಂಡು ತೂಕ ಸ್ವಲ್ಪ ಏರುತ್ತದೆ. ಕನಿಷ್ಠ ತೂಕದ ಅಂಚಿನಲ್ಲಿರುವ ಕಾರಿಗೆ ಅದೂ ಆಸರೆ.

ಹಂತ 9: ಜಗಳವಾದಾಗ

ಆಗಿಯೇ ಆಗುತ್ತದೆ. ಸ್ಟೀವರ್ಡ್‌ಗಳು (ರೇಸಿನ ತೀರ್ಪುಗಾರರು) ಕರೆದರೆ ಡ್ರೈವರ್ ಮತ್ತು ಟೀಮ್ ಮ್ಯಾನೇಜರ್ ಹೋಗುತ್ತಾರೆ. ಅಪ್ಪಂದಿರು ಎದುರು ತಂಡದ ಗ್ಯಾರೇಜಿಗೆ ಹೋಗಿ ಕೂಗಾಡಿದರೆ ದಂಡ ಬೀಳುವುದು ಮಕ್ಕಳಿಗೇ. ಏಕೆಂದರೆ ನಿಯಮದ ಪ್ರಕಾರ ತನ್ನ ಕಡೆಯವರ ನಡತೆಗೂ ಸ್ಪರ್ಧಿಯೇ ಹೊಣೆ. ಫಲಿತಾಂಶದ ಮೇಲೆ ತಕರಾರು ಇದ್ದರೆ, ತಾತ್ಕಾಲಿಕ ಪಟ್ಟಿ ಅಂಟಿಸಿದ 30 ನಿಮಿಷದೊಳಗೆ ಬರಹದಲ್ಲಿ, ಶುಲ್ಕದ ಜೊತೆ ಕೊಡಬೇಕು. ಪಟ್ಟಿಯ ಮೇಲೆ ಬರೆದಿರುವ ಸಮಯದ ಫೋಟೋ ತೆಗೆದಿಟ್ಟುಕೊಳ್ಳಿ. ವಿಡಿಯೋವನ್ನು ಮೊದಲು ತಂಡದವರಿಗೆ ತೋರಿಸಿ, ಇನ್‌ಸ್ಟಾಗ್ರಾಮ್‌ಗೆ ಆಮೇಲೆ.

ಹಂತ 10: ಭಾನುವಾರ ಸಂಜೆ

ಪಾಯಿಂಟ್ ಬಂದಿದ್ದರೆ ಸಂತೋಷ. ಗೆದ್ದವರಿಗೆ 25, ಎರಡನೆಯವರಿಗೆ 18, ಮೂರನೆಯವರಿಗೆ 15, ಹತ್ತನೆಯವರಿಗೆ 1. ಸೂಪರ್ ಲೈಸೆನ್ಸ್ (ಎಫ್1 ಓಡಿಸಲು ಬೇಕಾದ ಪರವಾನಗಿ) ಬಗ್ಗೆ ನೆಂಟರು ಕೇಳಿಯೇ ಕೇಳುತ್ತಾರೆ: ರಾಷ್ಟ್ರೀಯ ಎಫ್4 ಚಾಂಪಿಯನ್ ಆದರೂ ಹೆಚ್ಚೆಂದರೆ 12 ಪಾಯಿಂಟ್, ಎಫ್1ಗೆ ಬೇಕಾದದ್ದು 40. 2025ರಲ್ಲಿ ಮೊನಾಕೋದಲ್ಲಿ ಎಫ್2 (ಎಫ್1ಗೆ ಒಂದೇ ಮೆಟ್ಟಿಲು ಕೆಳಗಿನ ಸರಣಿ) ಸ್ಪ್ರಿಂಟ್ ರೇಸ್ ಗೆದ್ದ ನಮ್ಮ ಬೆಂಗಳೂರಿನ ಕುಶ್ ಮೈನಿ ಅಲ್ಲಿಗೆ ತಲುಪುವ ಮೊದಲು ಎಫ್4, ಎಫ್3 ಎಂದು ವರ್ಷಗಟ್ಟಲೆ ಓಡಿಸಿದ್ದಾರೆ.

ಕಾರನ್ನು ಟ್ರಕ್‌ಗೆ ಏರಿಸುವ ಮೊದಲು ಮೂರು ಕೆಲಸ ಮುಗಿಸಿ. ಮುರಿದ ಭಾಗಗಳನ್ನು ನಿಮ್ಮ ಕಣ್ಣಾರೆ ನೋಡಿ, ಫೋಟೋ ತೆಗೆದು, ದರಪಟ್ಟಿಯ ಜೊತೆ ತಾಳೆ ಹಾಕಿ. ಎಂಜಿನಿಯರ್‌ನಿಂದ ಡೇಟಾ ಮತ್ತು ಕ್ಯಾಮೆರಾ ವಿಡಿಯೋ ಪೆನ್ ಡ್ರೈವ್‌ಗೆ ಹಾಕಿಸಿಕೊಳ್ಳಿ. ನಾಳೆ ಕಳಿಸುತ್ತೇನೆ ಅಂದರೆ ಒಪ್ಪಬೇಡಿ. ಸೀಟಿನ ಮೇಲೆ ಹೆಸರು ಬರೆಸಿ.

ಹೆಲ್ಮೆಟ್ ಒಳಗಿನ ಬಟ್ಟೆ ಒದ್ದೆಯಾಗಿರುತ್ತದೆ. ಚೀಲದೊಳಗೆ ಮುಚ್ಚಿಡದೆ ನಿಮ್ಮ ಮನೆ ಕಾರಿನ ಹಿಂದಿನ ಸೀಟಿನಲ್ಲಿ ತೆರೆದೇ ಇಡಿ. ರೇಸ್ ಓಡಿಸಿದ ಹುಡುಗ ಪಕ್ಕದಲ್ಲೇ ನಿದ್ದೆ ಮಾಡುತ್ತಿರುತ್ತಾನೆ. ರೇಸಿನ ಮಾತನ್ನು ವೆಲ್ಲೂರಿನ ಕಾಫಿವರೆಗೂ ತೆಗೆಯಬೇಡಿ. ಅಲ್ಲೂ ಅವನೇ ಶುರು ಮಾಡಿದರೆ ಮಾತ್ರ.